ಹಸಿರು ಮುಚ್ಚಳದ ಶೀಶೆ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಊರಿನ ತಕ್ಕಡಿಗಳನ್ನೆಲ್ಲ ತಪಾಸಣೆ ಮಾಡಿದ ಮನುಷ್ಯ, ತಮ್ಮ ಮೈಯ ತಪಾಸಣೆಯ ಮಾತು ಬಂದ ಕೂಡಲೇ ತಟ್ಟೆ ಸರಿಸಿ ಎದ್ದುಬಿಟ್ಟರು.

"ಊಟಕ್ಕೆ ಕೂತಾಗ ಆಡೋ ಮಾತೇನಮ್ಮ ಇದು?"

"ಊಟಕ್ಕೆ ಕೂತಾಗ ಬಿಟ್ರೆ ನೀವು ಕೈಗೆ ಸಿಗೋದು ಯಾವಾಗ ಮಾವ?" ಎಂದಳು ಸೊಸೆ. "ಕೂತ್ಕೊಳ್ಳಿ. ಅನ್ನ ಬಿಟ್ಟು ಏಳಬೇಡಿ."

ಬೀದಿಯವರು ಅವರನ್ನು ತಕ್ಕಡಿ ಸಾಹೇಬರು ಎಂದೇ ಕರೆಯುತ್ತಿದ್ದರು. ನಿವೃತ್ತಿಯಾಗಿ ಎಂಟು ವರ್ಷವಾದರೂ ಅವರು ಅಂಗಡಿಯ ಮುಂದೆ ನಿಂತರೆ ಅಂಗಡಿಯವನ ಕೈ ತಾನಾಗಿಯೇ ಒಂದು ಹಿಡಿ ಹೆಚ್ಚು ಹಾಕುತ್ತಿತ್ತು. ಅಂಥವರಿಗೆ ಕೂತ್ಕೊಳ್ಳಿ ಎನ್ನುವ ಧೈರ್ಯ ಆ ಮನೆಯಲ್ಲಿ ಸೊಸೆಗೆ ಮಾತ್ರ ಇತ್ತು. ಆಕೆ ವಾರ್ಡಿನ ಆರೋಗ್ಯ ಕೇಂದ್ರದಲ್ಲಿ ನರ್ಸು. ಆ ತಿಂಗಳು ಕೇಂದ್ರಕ್ಕೆ ಹಸಿರು ಮುಚ್ಚಳದ ಪುಟ್ಟ ಪ್ಲಾಸ್ಟಿಕ್ ಶೀಶೆಗಳು ಪೆಟ್ಟಿಗೆಗಟ್ಟಲೆ ಬಂದಿದ್ದವು. ಐವತ್ತು ದಾಟಿದವರೆಲ್ಲ ಒಂದೊಂದನ್ನು ಮನೆಗೆ ಒಯ್ಯಬೇಕು. ಮುಚ್ಚಳಕ್ಕೆ ಅಂಟಿದ ಕಡ್ಡಿಯನ್ನು ಮಲಕ್ಕೆ ಚುಚ್ಚಿ, ಶೀಶೆಯೊಳಗಿಟ್ಟು ಬಿಗಿದು, ಹೆಸರು ತಾರೀಖು ಬರೆದು ತಂದುಕೊಡಬೇಕು. ಕಣ್ಣಿಗೆ ಕಾಣದ ರಕ್ತವಿದ್ದರೂ ಯಂತ್ರ ಹಿಡಿಯುತ್ತದೆ. ಕರುಳಿನ ಕ್ಯಾನ್ಸರನ್ನು ಅದು ನೋವು ಕೊಡುವ ಮೊದಲೇ ಪತ್ತೆ ಮಾಡುವ ದಾರಿ ಅದು.

"ಎಲ್ಲರ ಮನೆ ಬಾಗಿಲು ತಟ್ಟಿ ಹೇಳ್ತಿದೀನಿ. ಇವತ್ತು ದೊಡ್ಡ ಡಾಕ್ಟ್ರು ಎಲ್ಲರ ಎದುರಿಗೆ ಕೇಳಿದ್ರು, ನಿಮ್ಮ ಮನೆಯವರದೇ ಬಂದಿಲ್ವಲ್ಲಮ್ಮ ಅಂತ. ನನ್ನ ಮುಖ ಎಲ್ಲಿಡಲಿ?"

"ನನಗೇನಾಗಿದೆ? ಕಲ್ಲು ತಿಂದು ಕರಗಿಸ್ತೀನಿ."

"ಏನೂ ಆಗದೇ ಇದ್ದಾಗಲೇ ಮಾಡಿಸೋ ಪರೀಕ್ಷೆ ಮಾವ ಇದು."

"ನಮ್ಮಣ್ಣನೂ ಚೆನ್ನಾಗೇ ಇದ್ದ. ಪರೀಕ್ಷೆಗೆ ಅಂತ ಹೋದ. ಮೂರೇ ತಿಂಗಳು." ಸಾಹೇಬರು ಮೂರು ಬೆರಳು ಎತ್ತಿ ತೋರಿಸಿದರು.

ಬಸ್ ಓಡಿಸುವ ಮಗ ತಲೆ ಎತ್ತದೆಯೇ ಹೇಳಿದ, "ಪರೀಕ್ಷೆಯಿಂದ ಅಲ್ಲಪ್ಪ ದೊಡ್ಡಪ್ಪ ಹೋಗಿದ್ದು. ತಡ ಮಾಡಿದ್ದರಿಂದ."

"ನೀನು ಬಸ್ಸು ಓಡ್ಸು. ನನ್ನನ್ನ ಓಡಿಸಬೇಡ."

ಒಂಬತ್ತು ವರ್ಷದ ಮೊಮ್ಮಗಳು ಕಿಸಕ್ಕನೆ ನಕ್ಕಳು. ಅವರ ಹೆಂಡತಿ ಎಲ್ಲರ ತಟ್ಟೆಗೂ ಸೊಪ್ಪು ಬಡಿಸುತ್ತಾ, ಗೋಡೆಗೆ ಒಂದು ಕೈ ಊರಿಕೊಂಡು, "ನಂದು ನಾನು ಮಾಡ್ಕೊಡ್ತೀನಮ್ಮ. ನಿಮ್ಮ ಮಾವಂಗೆ ನಾನು ಹೇಳ್ತೀನಿ. ಈಗ ಉಣ್ಣಿ," ಎಂದರು. ಆ ಮನೆಯ ಜಗಳಗಳೆಲ್ಲ ಬಹಳ ವರ್ಷಗಳಿಂದ ಹೀಗೇ ಮುಗಿಯುತ್ತಿದ್ದವು.

ಅಸಲು ವಿಷಯ ಅಣ್ಣನೂ ಅಲ್ಲ, ಆರೋಗ್ಯವೂ ಅಲ್ಲ. ಬಚ್ಚಲ ಮನೆಯ ಬಾಗಿಲಲ್ಲಿ ನಿಂತು ಸಾಹೇಬರು ಹೆಂಡತಿಗೆ ಅದನ್ನು ಪಿಸುಮಾತಿನಲ್ಲಿ ಹೇಳಿದರು. "ಆ ಕೇಂದ್ರದ ಸಾಲಲ್ಲಿ ನಿಲ್ಲೋರೆಲ್ಲ ನಾನು ಬೈದಿರೋ ಅಂಗಡಿಯವರೇ ಕಣೇ. ಅವರ ಮುಂದೆ ನಾನು ನನ್ನ ಅದನ್ನ ಹಿಡ್ಕೊಂಡು ನಿಲ್ಲಲಾ? ಅದನ್ನ ಮನೆ ಸೊಸೆ ಕೈಗೆ ಕೊಡಲಾ?"

"ಅವಳಿಗೆ ಅದು ಕೆಲಸ. ಅವಳೇನು ಮೂಸಿ ನೋಡ್ತಾಳಾ?"

"ನೀನು ಹೇಗೂ ನಿಂದು ಮಾಡ್ತೀಯಲ್ಲ. ಇದಕ್ಕೂ ನೀನೇ ಏನಾದ್ರೂ ತುಂಬಿ ಕೊಟ್ಬಿಡು."

ಆಕೆ ಬಾಯಿಗೆ ಸೆರಗು ಹಿಡಿದು ನಕ್ಕರು. "ಇದೇನು ಸಕ್ಕರೆ ಡಬ್ಬಾನಾ?"

"ಶೀಶೆಗೇನು ಗೊತ್ತು ಯಾರದು ಅಂತ? ಹುಡುಗಿ ಮಾನ ಉಳಿಯುತ್ತೆ, ನನ್ನ ಮಾನಾನೂ ಉಳಿಯುತ್ತೆ."

ಗಂಡನ ಹೆಸರಿನಲ್ಲಿ ರೇಷನ್ನಿನ ಸಾಲಿನಲ್ಲಿ ನಿಂತವರು, ಗಂಡನ ಪರವಾಗಿ ಮಗನ ಶಾಲೆಯ ಮೇಷ್ಟ್ರ ಬೈಗುಳ ಕೇಳಿದವರು, ಗಂಡ ಕೊಟ್ಟ ಮಾತಿಗೆ ನಾಲ್ಕು ಮದುವೆಗಳಲ್ಲಿ ಅಡುಗೆಗೆ ನಿಂತವರು ಆಕೆ. ಈ ಕೆಲಸವೂ ಆ ಸಾಲಿಗೆ ಸೇರಿತು. ಸೋಮವಾರ ತಮ್ಮದನ್ನು ತುಂಬಿದರು, ಗುರುವಾರ ಗಂಡನದನ್ನು. ಎರಡನೆಯದರ ಮೇಲೆ ಹೆಸರು, ವಯಸ್ಸು, ತಾರೀಖನ್ನು ಸಾಹೇಬರೇ ಬರೆದರು. ತಕ್ಕಡಿಗಳಿಗೆ ಮುದ್ರೆ ಒತ್ತಿ ಕೊಡುತ್ತಿದ್ದ ಪ್ರಮಾಣಪತ್ರದ ಅದೇ ದುಂಡು ಅಕ್ಷರ.

"ನೀವೇ ತಗೊಂಡಿದ್ದು ತಾನೆ ಮಾವ?" ಎಂದು ಸೊಸೆ ಕೇಳಿದಳು.

"ಇನ್ನೇನು, ಪಕ್ಕದ ಮನೇಲಿ ಸಾಲ ತರ್ತಾರಾ?"

ಮನೆಯೆಲ್ಲ ನಕ್ಕಿತು. ಕೇಂದ್ರದ ಫಾರಮ್ಮಿನಲ್ಲಿ 'ನನ್ನ ಕೈಗೆ ಖುದ್ದಾಗಿ ಒಪ್ಪಿಸಿದ್ದಾರೆ' ಎಂಬ ಸಾಲಿನ ಕೆಳಗೆ ಸೊಸೆ ಸಹಿ ಹಾಕಿದಳು.

ಎರಡು ವಾರ ಕಳೆದು ಒಂದು ಮಧ್ಯಾಹ್ನ ಸೊಸೆ ಹೊತ್ತಿಗೆ ಮುಂಚೆ ಮನೆಗೆ ಬಂದಳು. ಚೀಲ ಹೆಗಲಿನಲ್ಲೇ ಇತ್ತು. ಸಾಹೇಬರು ಪೇಪರು ಓದುತ್ತಿದ್ದರು. ಅವರ ಹೆಂಡತಿ ಆಲೂಗಡ್ಡೆ ಸುಲಿಯುತ್ತಿದ್ದರು. ಮಗ ಬೆಳಗಿನ ಪಾಳಿ ಮುಗಿಸಿ ಕಾಲು ಚಾಚಿದ್ದ.

"ಅತ್ತೇದು ಏನೂ ಇಲ್ಲ, ಚೆನ್ನಾಗಿದೆ," ಎಂದು ಆಕೆ ಒಂದು ಕಾಗದ ಮೇಜಿನ ಮೇಲಿಟ್ಟಳು. ಇನ್ನೊಂದನ್ನು ಇಡಲಿಲ್ಲ. "ಮಾವಂದರಲ್ಲಿ ರಕ್ತ ಇದೆ."

ಸಾಹೇಬರು ಸೊಸೆಯ ಮುಖ ನೋಡಲಿಲ್ಲ, ಕಾಗದ ನೋಡಲಿಲ್ಲ, ಹೆಂಡತಿಯನ್ನು ನೋಡಿದರು. ಆಕೆಯ ಕೈಯಲ್ಲಿ ಅರ್ಧ ಸುಲಿದ ಆಲೂಗಡ್ಡೆ ನಿಂತಿತ್ತು. ಸಿಪ್ಪೆ ಉದ್ದಕ್ಕೆ ಜೋತು ಬಿದ್ದಿತ್ತು.

"ರಕ್ತ ಅಂದ್ರೆ ಅದೇ ಅಂತಲ್ಲ ಮಾವ. ಮೂಲವ್ಯಾಧಿ ಇರಬಹುದು, ಸಣ್ಣ ಗಂಟಿರಬಹುದು. ಕ್ಯಾಮೆರಾ ಬಿಟ್ಟು ಒಳಗೆ ನೋಡಬೇಕು. ದೊಡ್ಡಾಸ್ಪತ್ರೇಲಿ ಐದು ವಾರ ಬಿಟ್ಟು ದಿನ ಕೊಟ್ಟಿದಾರೆ. ಅದಕ್ಕಿಂತ ಬೇಗ ಸಿಗಲಿಲ್ಲ." ದಿನಕ್ಕೆ ನೂರು ಜನಕ್ಕೆ ಧೈರ್ಯ ಹೇಳುವ ಹುಡುಗಿ ಮಾವನ ಕಾಲ ಬಳಿ ಕೂತು ಅತ್ತುಬಿಟ್ಟಳು. "ನಾನು ಬಲವಂತ ಮಾಡದೇ ಇದ್ದಿದ್ರೆ ಗೊತ್ತೇ ಆಗ್ತಿರಲಿಲ್ಲ. ದೇವರು ದೊಡ್ಡವನು."

ಆ ಗಳಿಗೆಯಲ್ಲಿ ಸಾಹೇಬರು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ.

ಸಂಜೆ ಹೆಂಡತಿ ಬಟ್ಟೆಯ ಬಕೆಟ್ಟು ಹಿಡಿದು ತಾರಸಿ ಹತ್ತಿದರು. ಸಾಹೇಬರು ಹಿಂದೆಯೇ ಹೋದರು. ಏಳನೇ ಮೆಟ್ಟಿಲ ಮೇಲೆ ಆಕೆ ಬಕೆಟ್ಟಿಟ್ಟು ಕೂತು ಏದುಸಿರು ಬಿಡುತ್ತಿದ್ದರು.

"ಅದು ನಿಂದು," ಎಂದರು ಸಾಹೇಬರು.

"ಮೆಲ್ಲಗೆ ಮಾತಾಡಿ. ಸೋಮವಾರದ್ದೂ ನಂದೇ ಅಲ್ವಾ? ಅದು ಚೆನ್ನಾಗಿ ಬಂತಲ್ಲ. ಗುರುವಾರದ್ದು ಯಂತ್ರ ಕೆಟ್ಟಿರಬೇಕು."

"ಒಂದೇ ಮೂಟೆ ಎರಡು ಸಲಕ್ಕೆ ಎರಡು ತೂಕ ತೋರಿಸಿದ್ರೆ ನಾನು ಎರಡನ್ನೂ ನಂಬ್ತಿರಲಿಲ್ಲ. ತಟ್ಟೆ ಖಾಲಿ ಮಾಡಿ ಮೊದಲಿಂದ ತೂಗಿಸ್ತಿದ್ದೆ."

"ನಾನೇನು ಮೂಟೇನಾ?"

"ಹೇಳಿಬಿಡ್ತೀನಿ ಕಣೇ."

"ಏನಂತ ಹೇಳ್ತೀರಾ? ಆ ಹುಡುಗಿ ಸಹಿ ಹಾಕಿದಾಳೆ. ಸುಳ್ಳು ಸಹಿ ಅಂತ ಕೆಲಸ ಹೋದ್ರೆ? ನೀವು ಹೋಗಿ ಬನ್ನಿ. ನಿಮ್ಮದೂ ಒಂದ್ಸಲ ನೋಡಿದ ಹಾಗಾಗುತ್ತೆ. ಆಮೇಲೆ ನಂದು ನೋಡೋಣ. ಎಲ್ಲಿ ಓಡಿ ಹೋಗ್ತೀನಿ ನಾನು?"

ಸಾಹೇಬರಿಗೆ ಆ ಮಾತು ಕೇಳಿ ಎದೆಯ ಭಾರ ಇಳಿದ ಹಾಗಾಯಿತು. ಅದು ಹೆಂಡತಿಯ ಮಾತೇ, ತಾನೇನೂ ಹೇಳಿಕೊಟ್ಟದ್ದಲ್ಲ, ಎಂದು ಸಮಾಧಾನ ಮಾಡಿಕೊಂಡರು. ಬಕೆಟ್ಟನ್ನು ಆಕೆಯೇ ಎತ್ತಿಕೊಂಡು ಮೇಲೆ ಹೋದರು.

ಆ ಐದು ವಾರ ಮನೆ ತಲೆಕೆಳಗಾಯಿತು. ಮಗ ಪಾಳಿ ಬದಲಿಸಿಕೊಂಡು ಅಪ್ಪನನ್ನು ಬೆಳಿಗ್ಗೆ ತಿರುಗಾಡಲು ಕರೆದೊಯ್ದ. ಒಳ್ಳೆಯ ಕುರ್ಚಿ ಕಿಟಕಿಯ ಬಳಿ ಬಂತು. ಮೊಮ್ಮಗಳು ಟಿವಿಯ ಸದ್ದು ತಗ್ಗಿಸಿದಳು. ಸೊಸೆ ಅಡುಗೆಮನೆಯ ಗೋಡೆಗೆ ಪಟ್ಟಿ ಅಂಟಿಸಿದಳು: ಮಾವನಿಗೆ ಬೆಳಿಗ್ಗೆ ಒಂದು ಬೇಯಿಸಿದ ಮೊಟ್ಟೆ, ಹತ್ತಕ್ಕೆ ಹಣ್ಣು, ಮಧ್ಯಾಹ್ನ ಮೊಸರು. ಪಟ್ಟಿಯ ಪ್ರಕಾರ ಎಲ್ಲವನ್ನೂ ಮಾಡಿ ತಂದಿಡುವವರು ಮಾತ್ರ ಹೆಂಡತಿ. ಒಂದೇ ಮೊಟ್ಟೆ ಬೇಯಿಸಿ, ಸುಲಿದು, ಉಪ್ಪು ಉದುರಿಸಿ ಗಂಡನ ಮುಂದಿಟ್ಟು, ತಾವು ಚಹಾದಲ್ಲಿ ಬ್ರೆಡ್ಡು ಅದ್ದಿ ನಿಂತೇ ತಿನ್ನುತ್ತಿದ್ದರು.

ಮೊದಲ ದಿನ ಆ ಮೊಟ್ಟೆ ಸಾಹೇಬರ ಗಂಟಲಲ್ಲಿ ಇಳಿಯಲಿಲ್ಲ. ಎರಡನೇ ವಾರ ಇಳಿಯತೊಡಗಿತು. ಮೂರನೇ ವಾರ ತಡವಾದಾಗ, "ಮೊಟ್ಟೆ ಎಲ್ಲೇ?" ಎಂದು ಕೂಗಿಯೂ ಬಿಟ್ಟರು.

ನೋಡಲು ಬಂದ ನಾದಿನಿ ಮೂಗು ಒರೆಸಿಕೊಳ್ಳುತ್ತಾ ಹೇಳಿದಳು, "ಭಾವ ಪರವಾಗಿಲ್ಲ, ಗಟ್ಟಿಯಾಗಿದಾರೆ. ಅಕ್ಕ ನೀನೇ ಸೊರಗಿ ಹೋಗಿದೀಯಾ. ಅವರ ಚಿಂತೇಲಿ ಅರ್ಧ ಆಗಿದೀಯಲ್ಲೇ."

"ಚಿಂತೆ ಇಲ್ದೆ ಇರುತ್ತಾ?" ಎಂದರು ಹೆಂಡತಿ. ಲೋಟಗಳನ್ನು ತೊಳೆಯುವಾಗ ಆಕೆ ಸಿಂಕಿನ ಅಂಚಿಗೆ ಹೊಟ್ಟೆ ಆನಿಸಿ ನಿಲ್ಲುತ್ತಿದ್ದುದನ್ನು ಸಾಹೇಬರು ಆಗ ಕಂಡರು. ಅದಕ್ಕೆ ಮೊದಲು ಎಷ್ಟು ದಿನದಿಂದ ಹಾಗೆ ನಿಲ್ಲುತ್ತಿದ್ದರೋ.

ಸಾಹೇಬರು ದಿನವೂ ಮುಂಜಾನೆ ಕಣ್ಣುಮುಚ್ಚಿ ದೇವರ ಧ್ಯಾನ ಮಾಡುವವರು. ಆ ದಿನಗಳಲ್ಲಿ ಅದೂ ಆಗಲಿಲ್ಲ. ನನ್ನನ್ನು ಕಾಪಾಡು ಎಂದರೆ ಅವನ ಮುಂದೆ ಸುಳ್ಳು ಹೇಳಿದಂತೆ. ಅವಳನ್ನು ಕಾಪಾಡು ಎಂದರೆ ತಪ್ಪು ಒಪ್ಪಿಕೊಂಡಂತೆ. ಏನನ್ನೂ ಬೇಡದೆ ಎದ್ದು ಬಂದು ಮೊಟ್ಟೆಯ ಮುಂದೆ ಕೂರುತ್ತಿದ್ದರು.

ಕ್ಯಾಮೆರಾ ಪರೀಕ್ಷೆಯ ಹಿಂದಿನ ದಿನ ಹೊಟ್ಟೆ ತೊಳೆಯುವ ಉಪ್ಪುನೀರನ್ನು ಜಗ್ಗುಗಟ್ಟಲೆ ಕುಡಿಸಿದರು. ಸಾಹೇಬರು ಹದಿನೇಳು ಸಲ ಬಚ್ಚಲಿಗೆ ಓಡಿದರು. ಮೊಮ್ಮಗಳು ಬಾಗಿಲ ಹೊರಗೆ ನಿಂತು ಲೆಕ್ಕ ಇಟ್ಟಳು. "ಹದಿನೇಳು! ತಾತ, ಅಪ್ಪನ ಬಸ್ಸೂ ಇಷ್ಟು ಟ್ರಿಪ್ ಹೊಡೆಯಲ್ಲ!" ಐದು ವಾರದಲ್ಲಿ ಮೊದಲ ಬಾರಿಗೆ ಮನೆಯಲ್ಲಿ ನಗು ಕೇಳಿಸಿತು.

ಮರುದಿನ ಡಾಕ್ಟರು ಹೊರಗೆ ಬಂದು ಮಗನ ಬೆನ್ನು ತಟ್ಟಿದರು. ಏನೂ ಇಲ್ಲ. ಒಂದು ಚುಕ್ಕೆಯೂ ಇಲ್ಲ. ಇಪ್ಪತ್ತರ ಹುಡುಗನ ಕರುಳು.

ಭಾನುವಾರ ಮಗ ಎಲ್ಲರಿಗೂ ಫೋನು ಮಾಡಿದ. ಸಿಹಿ ತಂದ. "ಅಪ್ಪ ಗೆದ್ದರು!" ಎಂದು ಮಗಳನ್ನು ಎತ್ತಿ ತಿರುಗಿಸಿದ. ಮೇಜಿನ ಸುತ್ತ ಎಲ್ಲರೂ ಕೂತರು. ಸೊಸೆ ಮಾತ್ರ ಹುಬ್ಬು ಗಂಟು ಹಾಕಿಕೊಂಡೇ ಇದ್ದಳು.

"ಆ ರಕ್ತ ಎಲ್ಲಿಂದ ಬಂತು ಅಂತಾನೇ ತಿಳೀತಿಲ್ಲ ಅಂದ್ರು ಡಾಕ್ಟ್ರು. ಅಷ್ಟು ಜಾಸ್ತಿ ಇತ್ತು."

"ಬಿಡೇ ಮಾರಾಯ್ತಿ. ಇಲ್ಲ ಅಂದ್ರೆ ಇಲ್ಲ. ಇಲ್ಲದ್ದನ್ನ ಹುಡುಕ್ತೀಯಾ?" ಎಂದ ಮಗ.

ಅಡುಗೆಮನೆಯಿಂದ ಅನ್ನದ ಪಾತ್ರೆ ತರುತ್ತಿದ್ದ ಹೆಂಡತಿ ಹೊಸ್ತಿಲ ಬಳಿ ನಿಂತರು. ಪಾತ್ರೆಯನ್ನು ನೆಲದ ಮೇಲೆ ಮೆಲ್ಲಗೆ, ಒಂದು ಅಗುಳೂ ಚೆಲ್ಲದಂತೆ ಇಟ್ಟರು. ಆಮೇಲೆ ಅದರ ಪಕ್ಕದಲ್ಲೇ ಕುಸಿದು ಕೂತರು.

"ಏನಿಲ್ಲ, ಕಾಲು ಜೋಮು ಹಿಡೀತು. ನೀವು ಬಡಿಸ್ಕೊಳ್ಳಿ."

ಆಕೆಯ ತುಟಿ ಗೋಡೆಯ ಸುಣ್ಣದ ಬಣ್ಣಕ್ಕಿತ್ತು. ಸಾಹೇಬರು ಎದ್ದರು. ಕುರ್ಚಿ ಹಿಂದಕ್ಕೆ ಬಿತ್ತು.

"ಆ ರಕ್ತ ನಂದಲ್ಲ," ಎಂದರು. "ಆ ಶೀಶೆ ನಂದಲ್ಲ. ಇವಳದು. ಎರಡೂ ಇವಳದೇ."

ಮಗ ನಗುಮುಖದಲ್ಲೇ ನೋಡುತ್ತಿದ್ದ. ನಗು ಹೋಗಲು ಹೊತ್ತು ಹಿಡಿಯಿತು. "ಏನಪ್ಪ ಅಂದ್ರೆ?"

"ನನಗೆ ನಾಚಿಕೆ ಆಯ್ತು. ನೀನೇ ತುಂಬಿ ಕೊಡು ಅಂದೆ. ಕೊಟ್ಟಳು."

"ಸುಮ್ಮನಿರ್ರೀ," ಎಂದರು ನೆಲದ ಮೇಲಿನಿಂದ ಹೆಂಡತಿ. "ಊಟದ ಹೊತ್ತಲ್ಲಿ..."

ಸೊಸೆ ಯಾರ ಮಾತಿಗೂ ಕಾಯಲಿಲ್ಲ. ಅತ್ತೆಯ ಮುಂದೆ ಮೊಣಕಾಲೂರಿ, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಕೆಂಪಿರಬೇಕಾದ ಜಾಗ ಕಾಗದದ ಹಾಗೆ ಬೆಳ್ಳಗಿತ್ತು. ಇನ್ನೊಂದು ಕಣ್ಣೂ ನೋಡಿದಳು.

"ದಿನಾ ನೂರು ಜನರ ಕಣ್ಣು ನೋಡ್ತೀನತ್ತೆ," ಎಂದಳು. "ನೂರು ಜನರದ್ದು. ನಿಮ್ಮದೊಂದು ನೋಡಲಿಲ್ಲ."

"ನಂದು ಚೆನ್ನಾಗಿ ಬಂದಿತ್ತಲ್ಲಮ್ಮ ಕಾಗದದಲ್ಲಿ."

"ರಕ್ತ ದಿನಾ ಒಂದೇ ಥರ ಬರಲ್ಲತ್ತೆ! ಒಂದಿನ ಇರುತ್ತೆ, ಒಂದಿನ ಇರಲ್ಲ. ಒಂದು ಸಲ ಬಂದ್ರೂ ಬಂದ ಹಾಗೇನೇ!"

ಆಗ ಮಗನಿಗೆ ಅರ್ಥವಾಯಿತು. ಅಪ್ಪನ ಮೇಲೆ ಎಂದೂ ದನಿ ಎತ್ತದವನು ಮೇಜಿಗೆ ಗುದ್ದಿದ. "ಐದು ವಾರ! ಐದು ವಾರ ಅಮ್ಮ ನಿಮಗೆ ಮೊಟ್ಟೆ ಬೇಯಿಸಿ ಕೊಟ್ಟಳು. ನೀವು ತಿಂದ್ರಿ. ಅವಳದೇ ರಕ್ತ ಅಂತ ಗೊತ್ತಿದ್ದೂ ತಿಂದ್ರಿ!"

ಮೊಮ್ಮಗಳು ಅಳಲು ಶುರುಮಾಡಿದಳು. ಸಾಹೇಬರು ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದರು. ಮತ್ತೆ ಅದರಲ್ಲಿ ಕೂರಲು ಅವರಿಗೆ ಧೈರ್ಯವಾಗಲಿಲ್ಲ.

ಸೋಮವಾರ ಸೊಸೆ ಒಂದೇ ಮಾತು ಹೇಳಿದಳು. "ಕೇಂದ್ರಕ್ಕೆ ಬಂದು ನಿಮ್ಮ ಬಾಯಲ್ಲೇ ಹೇಳಿ. ನಿಮ್ಮ ಕೈಯಲ್ಲೇ ಬರೆದುಕೊಡಿ. ಇಲ್ದಿದ್ರೆ ಅತ್ತೆ ಹೆಸರಿಗೆ ತುರ್ತು ಅಂತ ಹಾಕಕ್ಕಾಗಲ್ಲ. ಅವರದು ಚೆನ್ನಾಗಿದೆ ಅಂತಲೇ ದಾಖಲೆ ಇದೆ."

"ನಿನ್ನ ಕೆಲಸಕ್ಕೆ..."

"ಅದು ನನಗಿರಲಿ."

ಸಾಲಿನಲ್ಲಿ ಹದಿನೈದು ಜನರಿದ್ದರು. ಸಾಹೇಬರ ಹಿಂದೆಯೇ ಎಣ್ಣೆ ಅಂಗಡಿಯವನು ಶೀಶೆ ಹಿಡಿದು ನಿಂತಿದ್ದ. ಹನ್ನೊಂದು ವರ್ಷದ ಕೆಳಗೆ ಅವನ ಲೀಟರಿನ ಅಳತೆಯನ್ನು ನಡುಬೀದಿಯಲ್ಲಿ ಎತ್ತಿ ಹಿಡಿದು, ತಳ ಒಳಕ್ಕೆ ತಟ್ಟಿದ್ದನ್ನು ನಾಲ್ಕು ಜನಕ್ಕೆ ತೋರಿಸಿ, ಮುಟ್ಟುಗೋಲು ಹಾಕಿದವರು ಇದೇ ಸಾಹೇಬರು. ಅವನು ಕೇಳುತ್ತಿದ್ದಾನೆಂದು ಗೊತ್ತಿದ್ದೂ ಅವರು ಕೌಂಟರಿನಲ್ಲಿ ಗಂಟಲು ಸರಿಮಾಡಿಕೊಂಡರು. "ನನ್ನ ಹೆಸರಿನ ಶೀಶೇಲಿ ನಾನು ನನ್ನ ಹೆಂಡತೀದು ತುಂಬಿಸಿ ಕೊಟ್ಟಿದ್ದೆ. ಸೊಸೆಗೆ ಗೊತ್ತಿರಲಿಲ್ಲ. ಮೋಸ ನಂದು. ಬರಕೊಳ್ಳಿ."

ಕೌಂಟರಿನ ಹುಡುಗಿ ಬಾಯಿ ತೆರೆದುಕೊಂಡು ನೋಡಿದಳು.

"ಸಾಹೇಬ್ರೇ," ಎಂದ ಹಿಂದಿನಿಂದ ಎಣ್ಣೆ ಅಂಗಡಿಯವನು. "ನನ್ನ ಲೀಟರಿಗೆ ಮೂವತ್ತು ಮಿಲಿ ಕಮ್ಮಿ ಅಂತ ಬೀದೀಲಿ ನಿಲ್ಲಿಸಿದ್ರಿ. ನೆನಪಿದೆಯಾ?"

"ಇದೆ."

"ಇದು ಎಷ್ಟು ಕಮ್ಮಿ ಬಂತು?"

"ಐದು ವಾರ," ಎಂದರು ಸಾಹೇಬರು.

ಎಣ್ಣೆ ಅಂಗಡಿಯವನ ಮುಖದ ಕೊಂಕು ಮೆಲ್ಲಗೆ ಅಳಿಯಿತು. ತನ್ನ ಕೈಯ ಶೀಶೆಯನ್ನು ನೋಡಿದ. ಸರದಿ ಬಿಟ್ಟು ಹೊರಗೆ ಹೊರಟ.

"ಎಲ್ಲಿಗ್ರೀ? ನಿಮ್ಮದು ಕೊಟ್ಟು ಹೋಗಿ," ಎಂದಳು ಕೌಂಟರಿನ ಹುಡುಗಿ.

"ಇದು ನಮ್ಮನೆಯವಳದ್ದು ಕಣಮ್ಮ," ಎಂದ ಅವನು ತಲೆ ತಗ್ಗಿಸಿ. "ನಂದು ನಾಳೆ ತರ್ತೀನಿ."

ದೊಡ್ಡ ಡಾಕ್ಟರು ಸೊಸೆಗೆ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಬೈದರು. ಕೆಲಸಕ್ಕೆ ಸಂಚಕಾರ ಬರಲಿಲ್ಲ. ಅತ್ತೆಯ ಪರೀಕ್ಷೆಗೆ ಆರನೇ ದಿನಕ್ಕೇ ಜಾಗ ಸಿಕ್ಕಿತು. ಆ ಉಪ್ಪುನೀರನ್ನು ಆಕೆ ಒಂದು ಮಾತೂ ಆಡದೆ ಕುಡಿದರು. ಈ ಬಾರಿ ಮೊಮ್ಮಗಳು ಲೆಕ್ಕ ಇಡಲಿಲ್ಲ.

ಕರುಳಿನ ಬಲಗಡೆ ನಿಂಬೆಹಣ್ಣಿನಷ್ಟು ದೊಡ್ಡ ಗಡ್ಡೆ ಇತ್ತು. ಅದರ ಚೂರು ಪರೀಕ್ಷೆಗೆ ಹೋಗಿ, ಕ್ಯಾನ್ಸರೇ ಎಂದು ಉತ್ತರ ಬಂತು. ಮುಂದಿನ ಬುಧವಾರ ಆಪರೇಷನ್ ಎಂದರು. ಬೇರೆಡೆಗೆ ಹಬ್ಬಿದೆಯೋ ಇಲ್ಲವೋ ಆಗಲೇ ತಿಳಿಯುವುದು.

"ಡಾಕ್ಟ್ರೇ," ಎಂದು ಕೇಳಿದರು ಸಾಹೇಬರು, "ಐದು ವಾರದಲ್ಲಿ ಅದು ಎಷ್ಟು ಬೆಳೆದಿರುತ್ತೆ?"

"ಅದನ್ನ ಯಾರೂ ಹೇಳಕ್ಕಾಗಲ್ಲ."

"ಒಂದು ಅಂದಾಜು?"

"ಇಲ್ಲ. ಅದಕ್ಕೆ ಅಳತೆ ಇಲ್ಲ."

ಸಾಹೇಬರು ಕೈಮುಗಿದು ಹೊರಗೆ ಬಂದರು. ಹೆಂಡತಿ ಬೆಂಚಿನ ಮೇಲೆ ಕೂತು, ಮನೆಗೆ ಹೋಗುವಾಗ ಯಾವ ಸೊಪ್ಪು ಕೊಳ್ಳಬೇಕೆಂದು ಸೊಸೆಗೆ ಹೇಳುತ್ತಿದ್ದರು.

ಮಂಗಳವಾರ ಬೆಳಿಗ್ಗೆ, ಆಸ್ಪತ್ರೆಗೆ ಸೇರುವ ದಿನ, ಸಾಹೇಬರು ಎದ್ದಾಗ ಹೆಂಡತಿ ಚೀಲ ಕಟ್ಟಿ ಮುಗಿಸಿ ಒಲೆಯ ಮುಂದೆ ನಿಂತಿದ್ದರು. ಪಾತ್ರೆಯಲ್ಲಿ ಒಂದು ಮೊಟ್ಟೆ ಕುದಿಯುತ್ತಿತ್ತು. ಗೋಡೆಯ ಪಟ್ಟಿಯನ್ನು ಯಾರೂ ಕಿತ್ತಿರಲಿಲ್ಲ.

"ಅದು ನಿನಗೆ," ಎಂದರು ಸಾಹೇಬರು. "ಬೆಳಗಿನ ತಿಂಡಿ ತಿನ್ನಬಹುದು ಅಂದಿದಾರಲ್ಲ. ನೀನು ತಿನ್ನು."

"ನನಗೆ ಮೊಟ್ಟೆ ಸೇರಲ್ಲ. ಗೊತ್ತಿಲ್ವಾ ನಿಮಗೆ?"

ಸಾಹೇಬರು ಯೋಚಿಸಿದರು. ಬರಿಗೈಯಲ್ಲಿ ಹಿಡಿದು ಐದು ಗ್ರಾಂ ಕೊರತೆ ಹೇಳಬಲ್ಲವರು ಅವರು. ನಲವತ್ತೊಂದು ವರ್ಷ ಒಂದೇ ಮನೆಯಲ್ಲಿ ಉಂಡಿದ್ದರು. ಈ ಮಾತು ನಿಜವೋ ಸುಳ್ಳೋ ಅವರಿಗೆ ತಿಳಿಯಲಿಲ್ಲ.

ಅವರೇ ಪಾತ್ರೆ ಇಳಿಸಿ, ಬೆರಳು ಸುಟ್ಟುಕೊಂಡು, ಮೊಟ್ಟೆಯನ್ನು ವಕ್ರವಕ್ರವಾಗಿ ಸುಲಿದರು. ಅರ್ಧ ಬಿಳಿ ಸಿಪ್ಪೆಯ ಜೊತೆಗೇ ಹೋಯಿತು. ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಆಕೆ ಕೈ ತೋರಿಸಿದರು. ತಟ್ಟೆಯನ್ನು ಹೆಂಡತಿಯ ಮುಂದಿಟ್ಟು, ಕುರ್ಚಿ ಎಳೆದು ಆಕೆಯನ್ನು ಕೂರಿಸಿ, ತಾವು ಎದುರಿಗೆ ನಿಂತರು.

ಆಕೆ ಒಮ್ಮೆ ಬಾಗಿಲ ಕಡೆ ನೋಡಿದರು. ಆಮೇಲೆ ತಿನ್ನತೊಡಗಿದರು. ಬೇಗ ಬೇಗ, ತಲೆ ಎತ್ತದೆ, ಪೂರ್ತಿ ತಿಂದರು. ತಟ್ಟೆಗೆ ಅಂಟಿದ್ದ ಹಳದಿಯನ್ನೂ ಬೆರಳಿನಿಂದ ಒರೆಸಿ ಬಾಯಿಗಿಟ್ಟುಕೊಂಡರು.